ಚಪ್ಪಡಿಯ ಕೆಳಗಿನ ಮಾತು

ಸುದ್ದಿ ಬಂದ ಬೆಳಿಗ್ಗೆ ಹೊಲಿಗೆ ಅಂಗಡಿಯ ಓರಗಿತ್ತಿಯರಿಬ್ಬರೂ ಶಾಲೆಯ ಸಮವಸ್ತ್ರದ ರಾಶಿಯಲ್ಲಿ ಮುಳುಗಿದ್ದರು. ಹಿರಿಯವಳು ಬಟ್ಟೆ ಕತ್ತರಿಸುವವಳು, ಕಿರಿಯವಳು ಹೊಲಿಯುವವಳು. ಅಂಗಡಿ ಹಿರಿಯವಳದು, ಬಾಯಿಯೂ ಅವಳದೇ. ಅವಳ ಗಂಡ ಅಗ್ನಿಶಾಮಕ ದಳದಲ್ಲಿದ್ದ. ಅವನ ತಮ್ಮ, ಅಂದರೆ ಕಿರಿಯವಳ ಗಂಡ, ನಗರದ ಬಸ್ಸು ಓಡಿಸುತ್ತಿದ್ದ. ಅಣ್ಣತಮ್ಮಂದಿರ ಮನೆಗಳು ಅಂಗಡಿಯ ಮೇಲೇ, ಒಂದರ ಮೇಲೊಂದು.

ಕಿರಿಯವಳು ಹುಟ್ಟಿ ಬೆಳೆದದ್ದು ಕಡಲಾಚೆಯ ದೇಶದಲ್ಲಿ. ಗಂಡ ಅಲ್ಲಿಗೆ ರಸ್ತೆ ಕೆಲಸಕ್ಕೆ ಹೋಗಿದ್ದಾಗ ಕಟ್ಟಿಕೊಂಡು ಬಂದವಳು. ಬಂದ ಹೊಸದರಲ್ಲಿ ಹಿರಿಯವಳು ತಮಾಷೆಗೆ ‘ನಮ್ಮನೆ ಪರದೇಶಿ’ ಅಂದದ್ದು ಬೀದಿಗೆಲ್ಲ ಅಂಟಿಕೊಂಡಿತು. ‘ಪರದೇಶೀ, ನನ್ನ ಪ್ಯಾಂಟಿನ ಜಿಪ್ಪು ಆಯ್ತೇನಮ್ಮ?’ ಎಂದು ಬೇಕರಿಯವರು ಆಚೆ ಬದಿಯಿಂದಲೇ ಕೂಗುತ್ತಿದ್ದರು. ಅವಳಿಗೂ ಅದರಲ್ಲಿ ಬೇಸರವಿರಲಿಲ್ಲ. ಕೆಲವು ವರ್ಷಗಳ ಹಿಂದೆ ಅವಳ ಅವ್ವ ತೀರಿಕೊಂಡಾಗ ಆ ಮಾತಿನ ಇನ್ನೊಂದು ಅರ್ಥವೂ ನಿಜವಾಯಿತು. ಅಪ್ಪ ಮೊದಲೇ ಇರಲಿಲ್ಲ, ಒಡಹುಟ್ಟಿದವರೂ ಇಲ್ಲ. ಅಂದಿನಿಂದ ತನ್ನ ಭಾಷೆಯಲ್ಲಿ ಮಾತಾಡಲು ಅವಳಿಗೆ ಯಾರೂ ಉಳಿಯಲಿಲ್ಲ. ಹಾಲು ಉಕ್ಕಿದಾಗ, ಬೆರಳಿಗೆ ಸೂಜಿ ಚುಚ್ಚಿದಾಗ ಬಾಯಿಂದ ಹೊರಡುವ ಒಂದೆರಡು ಮಾತು ಬಿಟ್ಟರೆ ಉಳಿದದ್ದೆಲ್ಲ ಒಳಗೇ ಮಡಚಿಟ್ಟ ಬಟ್ಟೆಯಾಗಿತ್ತು.

ಭೂಕಂಪವಾದದ್ದು ಅವಳ ದೇಶದಲ್ಲಿ. ಊರಿಗೆ ಊರೇ ಬೆಳಗಿನ ನಿದ್ದೆಯಲ್ಲಿದ್ದಾಗ ನೆಲ ಅಲುಗಿತ್ತು. ಬೇಕರಿಯ ಟೀವಿಯಲ್ಲಿ ಬಿದ್ದ ಮನೆಗಳನ್ನು ನೋಡಿದ ಬೀದಿಯವರು ಒಬ್ಬೊಬ್ಬರಾಗಿ ಅಂಗಡಿಗೆ ಬಂದರು. ಕೈ ಹಿಡಿದುಕೊಂಡರು, ತಲೆ ಸವರಿದರು. ‘ನಿಮ್ಮವರೆಲ್ಲ ಕ್ಷೇಮವೇನಮ್ಮ?’ ಎಂದು ಕೇಳಿದರು. ಕಿರಿಯವಳು ಪ್ರತಿಯೊಬ್ಬರಿಗೂ ಹೇಳಿದ್ದನ್ನೇ ಹೇಳಿದಳು. ‘ಅದು ನಮ್ಮೂರಲ್ಲ. ದೇಶದ ಇನ್ನೊಂದು ತುದಿ. ನಾನು ಆ ಕಡೆ ಕಾಲೇ ಇಟ್ಟಿಲ್ಲ.’

‘ಆದರೂ ನಿನ್ನ ನೆಲ ಅಲ್ವಾ’ ಅನ್ನುತ್ತಿದ್ದರು ಅವರು.

ಬೇರೆಯವರ ಮನೆಯ ಸಾವಿಗೆ ಹೋದವಳನ್ನು ಯಾರೋ ಮುಂದಿನ ಸಾಲಿನಲ್ಲಿ ಕೂರಿಸಿದ ಹಾಗಾಯಿತು ಅವಳಿಗೆ. ಅಳು ಬರಲಿಲ್ಲ, ಬರಲಿಲ್ಲವಲ್ಲ ಎಂದು ನಾಚಿಕೆಯಾಯಿತು. ಇನ್ನೊಂದನ್ನೂ ಗಮನಿಸಿದಳು. ಅಂದಿನಿಂದ ಯಾರೂ ಅವಳನ್ನು ಪರದೇಶಿ ಎಂದು ಕರೆಯಲಿಲ್ಲ. ಬೇಕರಿಯವರು ಕೂಡ ರಸ್ತೆ ದಾಟಿ ಬಂದು, ತಗ್ಗಿದ ದನಿಯಲ್ಲಿ ‘ಅಮ್ಮಾ’ ಅಂದರು. ಅದೇ ಅವಳಿಗೆ ಹೆಚ್ಚು ನೋವು ತಂದಿತು.

ಸರ್ಕಾರ ರಕ್ಷಣಾ ತಂಡ ಕಳಿಸುವುದೆಂದಾಯಿತು. ಹಿರಿಯವಳ ಗಂಡನಿಗೂ ಕರೆ ಬಂತು. ಭಾವ ಹೆಚ್ಚು ಮಾತಿನ ಮನುಷ್ಯನಲ್ಲ. ಚೀಲ ಹೆಗಲಿಗೇರಿಸಿಕೊಂಡು ಅಂಗಡಿಯ ಬಾಗಿಲಲ್ಲಿ ನಿಂತು, ‘ತಂಗೀ, ಅಲ್ಲಿ ನೀರಿಗೆ ಏನಂತಾರೆ?’ ಎಂದು ಕೇಳಿದ. ಹೇಳಿದಳು. ‘ಹೆದರಬೇಡ ಅನ್ನೋದಕ್ಕೆ?’ ಅದನ್ನೂ ಹೇಳಿದಳು. ಅವನು ಎರಡನ್ನೂ ಬಾಯಲ್ಲಿ ತಿರುಗಿಸಿಕೊಂಡು, ತಪ್ಪುತಪ್ಪಾಗಿ ಅನ್ನುತ್ತಲೇ ಹೊರಟುಹೋದ.

ಗಂಡ ಹೋದ ಮೇಲೆ ಹಿರಿಯವಳಿಗೆ ಸುಮ್ಮನೆ ಕೂರಲಾಗಲಿಲ್ಲ. ಸಮವಸ್ತ್ರಗಳನ್ನು ಪಕ್ಕಕ್ಕೆ ದೂಡಿ, ಕಂಬಳಿ, ಕೋಟು, ಬೆಚ್ಚನೆಯ ಬಟ್ಟೆ ಏನಿದ್ದರೂ ತಂದುಕೊಡಿ ಎಂದು ಬೀದಿಗೆಲ್ಲ ಸಾರಿದಳು. ಜನ ತಂದರು. ಎರಡೇ ದಿನದಲ್ಲಿ ಅಂಗಡಿಯೊಳಗೆ ಕಾಲಿಡಲು ಜಾಗವಿಲ್ಲದಂತಾಯಿತು. ದಾನ ಅಂದರೆ ಮನೆ ಗುಡಿಸುವ ನೆಪ ಅಂದುಕೊಂಡವರೂ ಇದ್ದರು: ಒಂಟಿ ಕೈಗವಸು ಬಂತು, ಎತ್ತರದ ಹಿಮ್ಮಡಿಯ ಬೂಟು ಬಂತು, ಈಜುಡುಗೆ ಬಂತು, ಮಿಣಿಮಿಣಿ ಚಮಕಿ ಹಚ್ಚಿದ ಪಾರ್ಟಿಯ ನಿಲುವಂಗಿ ಬಂತು.

‘ಮನೆ ಬಿದ್ದೋರು ಈಜೋಕೆ ಹೋಗ್ತಾರಾ?’ ಎಂದು ಹಿರಿಯವಳು ಈಜುಡುಗೆಯನ್ನು ಎರಡು ಬೆರಳಲ್ಲಿ ಎತ್ತಿ ತೋರಿಸಿದಳು. ‘ತಂದವಳ ಮುಖ ನೋಡ್ಬೇಕಿತ್ತು ನೀನು. ಆಸ್ತಿ ಬರೆದುಕೊಟ್ಟ ಹಾಗೆ ನಿಂತಿದ್ಲು.’

ಆದರೆ ಎದುರುಮನೆಯ ಮುದುಕರು ಕೋಟು ತೊಟ್ಟುಕೊಂಡೇ ಬಂದು, ಇಲ್ಲೇ ಬಿಚ್ಚಿಕೊಟ್ಟು, ಬರೀ ಅಂಗಿಯಲ್ಲಿ ಚಳಿಗೆ ಹೆಗಲು ಕುಗ್ಗಿಸಿಕೊಂಡು ವಾಪಸು ಹೋದರು. ಅದರ ಒಳಜೇಬಿನ ಬಿಸುಪು ಇನ್ನೂ ಆರಿರಲಿಲ್ಲ. ಕಿರಿಯವಳು ಒಂದೊಂದು ಕೋಟನ್ನೂ ಕೈಗೆತ್ತಿಕೊಂಡು, ಬಿದ್ದುಹೋದ ಗುಂಡಿಗಳನ್ನು ಹಚ್ಚಿಯೇ ಗಂಟು ಕಟ್ಟುತ್ತಿದ್ದಳು. ಸಂಜೆ ಅವಳ ಗಂಡ ಪಾಳಿ ಮುಗಿಸಿ ಬಂದು ಗಂಟುಗಳನ್ನು ಹೊತ್ತು ಲಾರಿಗೆ ಹಾಕಿಬರುತ್ತಿದ್ದ.

ಹೀಗಿರುವಾಗ ಒಂದು ಮಧ್ಯಾಹ್ನ ಕಿರಿಯವಳ ಫೋನು ರಿಂಗಾಯಿತು. ಭಾವನ ದನಿ. ಹಿಂದೆ ಯಂತ್ರಗಳ ಗದ್ದಲ.

‘ತಂಗೀ, ನಾನು. ಕೈಲಿರೋದನ್ನ ಕೆಳಗಿಡು. ಇಲ್ಲೊಬ್ಬಳು ಹೆಂಗಸು ಚಪ್ಪಡಿ ಕೆಳಗಿದ್ದಾಳೆ, ಜೀವಂತ ಇದ್ದಾಳೆ. ಮಾತಾಡ್ತಾಳೆ, ನಮಗೊಂದೂ ಅರ್ಥ ಆಗ್ತಿಲ್ಲ. ದುಭಾಷಿನ ಇನ್ನೊಂದು ತಂಡದವರು ಕರ್ಕೊಂಡು ಹೋಗಿದ್ದಾರೆ. ನೀನೇ ಆಗ್ಬೇಕು.’

‘ನಾನಾ?’ ಅಂದಳು. ‘ಭಾವ, ನನಗೆ ಮಾತೇ ಮರೆತುಹೋಗಿದೆ.’

‘ನನಗಿಂತ ವಾಸಿ ಅಲ್ವಾ.’

ಕೈಯಗಲದ ಒಂದು ಸಂದಿಯಿತ್ತಂತೆ. ಭಾವ ತನ್ನ ಫೋನನ್ನು ಕೋಲಿಗೆ ಕಟ್ಟಿ ಅದರೊಳಗೆ ಇಳಿಬಿಟ್ಟ. ಜೊತೆಯವನ ಫೋನಿನಿಂದ ಹಿರಿಯವಳಿಗೆ ಕರೆಮಾಡಿದ. ಹೀಗೆ ಚಪ್ಪಡಿಯ ಕೆಳಗಿನ ದನಿ ಕಿರಿಯವಳ ಕಿವಿಯಲ್ಲಿ, ಚಪ್ಪಡಿಯ ಮೇಲಿನ ದನಿ ಹಿರಿಯವಳ ಕೈಯಲ್ಲಿ. ಅಂಗಡಿ ತುಂಬ ಜನವಿದ್ದರು; ಹಿರಿಯವಳು ಒಂದೇ ನೋಟಕ್ಕೆ ಎಲ್ಲರನ್ನೂ ಹೊರಗಟ್ಟಿ ಬಾಗಿಲೆಳೆದಳು. ಕಿರಿಯವಳು ಬಟ್ಟೆ ತೊಟ್ಟುನೋಡುವ ಪುಟ್ಟ ಕೋಣೆಗೆ ಹೋಗಿ ಸ್ಟೂಲಿನ ಮೇಲೆ ಕುಳಿತಳು. ಪರದೆಯಾಚೆ ಹಿರಿಯವಳು ನಿಂತಳು.

‘ಅಕ್ಕಾ’ ಎಂದು ಕಿರಿಯವಳು ಫೋನಿನಲ್ಲಿ ಆ ಹೆಂಗಸನ್ನು ಕರೆದಳು. ಎಷ್ಟೋ ವರ್ಷಗಳ ಮೇಲೆ ತನ್ನ ಭಾಷೆಯಲ್ಲಿ ಕರೆದ ಮೊದಲ ಕರೆ ಅದು. ‘ಅಕ್ಕಾ, ಕೇಳಿಸ್ತಿದೆಯಾ?’

ಒಳಗಿಂದ ಉಸಿರು ಕೇಳಿತು. ಆಮೇಲೆ, ‘ಯಾರದು? ನೀನೂ ಒಳಗೇ ಸಿಕ್ಕೊಂಡಿದೀಯಾ?’

‘ಇಲ್ಲಕ್ಕ, ನಾನು ತುಂಬ ದೂರ ಇದೀನಿ. ಮೇಲಿರೋರು ನಮ್ಮ ಭಾವ. ಅವರಿಗೆ ನಮ್ಮ ಮಾತು ಬರಲ್ಲ. ನಾನು ಹೇಳ್ತೀನಿ.’

‘ಅವನಾ, ಆಗ್ಲಿಂದ ನೀರು ಹೆದರಬೇಡ, ನೀರು ಹೆದರಬೇಡ ಅಂತ ಕೂಗ್ತಾ ಇದ್ದೋನು?’ ಆ ಹೆಂಗಸು ನಕ್ಕಳೋ ಕೆಮ್ಮಿದಳೋ ತಿಳಿಯಲಿಲ್ಲ. ಅವಳ ಮಾತಿನ ಧಾಟಿಯೇ ಬೇರೆ. ಪದಗಳ ಬಾಲವನ್ನು ನುಂಗಿಬಿಡುತ್ತಿದ್ದಳು. ಆದರೆ ಪ್ರತಿ ಮಾತೂ ಕಿರಿಯವಳಿಗೆ ನೇರ ಒಳಗಿಳಿಯಿತು, ಅವ್ವನ ಅಡುಗೆಮನೆಯಿಂದ ಬಂದ ಹಾಗೆ.

ಭಾವ ಕೇಳಿದ್ದನ್ನು ಹಿರಿಯವಳು ಹೇಳಿದಳು, ಹಿರಿಯವಳು ಹೇಳಿದ್ದನ್ನು ಕಿರಿಯವಳು ಕೇಳಿದಳು. ಎಲ್ಲಿ ನೋವು? ಸೊಂಟದಿಂದ ಕೆಳಗೆ ತೊಲೆ ಬಿದ್ದಿದೆ, ಮೊದಲು ನೋಯುತ್ತಿತ್ತು, ಈಗ ಇಲ್ಲ. ಜೊತೆಗೆ ಯಾರಿದ್ದಾರೆ? ಯಾರೂ ಇಲ್ಲ. ಗಂಡ ಲಾರಿ ಡ್ರೈವರು, ದೂರದ ದಾರಿಗೆ ಹೋಗಿದ್ದಾನೆ. ಮನೆಯ ಯಾವ ಭಾಗದಲ್ಲಿದ್ದೀರಿ?

‘ಬಾಗಿಲ ಬುಡದಲ್ಲಿ’ ಅಂದಳು ಹೆಂಗಸು. ‘ಮೊದಲ ಸಲ ಅಲುಗಾಡಿದಾಗಲೇ ಎದ್ದು ಓಡಿಬಂದೆ ಕಣೆ. ಬಾಗಿಲು ತೆಗೆಯೋಕೆ ಬರಲಿಲ್ಲ. ಅದು ಊದಿಕೊಂಡು ವರ್ಷ ಆಯ್ತು. ಬಡಗೀನ ಕರೆಸಿ ಅಂಚು ಕೆತ್ತಿಸು ಅಂತ ಅವನಿಗೆ ಹೇಳಿಹೇಳಿ ನನ್ನ ಬಾಯಿ ಸವೀತು. ನಾಳೆ ಅಂದ, ನಾಡಿದ್ದು ಅಂದ. ಕಾಲು ಕೊಟ್ಟು ಎಳೆದೆ. ಎಳೀತಾ ಇದ್ದ ಹಾಗೇ ಮೇಲಿಂದ ಬಿತ್ತು. ಬಾಗಿಲು ತೆಗೆಯೋಕೆ ಬಂದಿದ್ರೆ ಅಂಗಳದಲ್ಲಿ ಇರ್ತಿದ್ದೆ.’

‘ಏನಂತಾಳೆ?’ ಎಂದಳು ಹಿರಿಯವಳು ಪರದೆಯ ಆಚೆಯಿಂದ.

‘ಬಾಗಿಲ ಹತ್ತಿರ ಇದ್ದಾಳಂತೆ’ ಎಂದಷ್ಟೇ ಹೇಳಿದಳು ಕಿರಿಯವಳು.

ಮೇಲಿನವರು ಬಹಳ ಹೊತ್ತು ಗುದ್ದಾಡಿದರು. ಚಪ್ಪಡಿ ಕದಲಲಿಲ್ಲ. ಕ್ರೇನು ಬೇಕಿತ್ತು, ಅದು ಬರಲು ಮರುದಿನ ಬೆಳಗಾಗುತ್ತಿತ್ತು. ಅಷ್ಟರಲ್ಲಿ ಆಚೆ ಬೀದಿಯಲ್ಲಿ ಬಿದ್ದಿದ್ದ ಮನೆಯೊಳಗೆ ಮಗು ಅಳುವ ಸದ್ದು ಕೇಳಿತೆಂದು ಯಾರೋ ಓಡಿಬಂದರು. ಭಾರ ಎತ್ತುವ ಜಾಕು ಇದ್ದದ್ದು ಒಂದೇ. ಅಲ್ಲಿಗೆ ಹೋಗಿ ಎಂದು ಮೇಲಧಿಕಾರಿಯ ಅಪ್ಪಣೆಯಾಯಿತು.

ಹಿರಿಯವಳು ಪರದೆ ಸರಿಸಿ, ಫೋನನ್ನು ಕಿರಿಯವಳ ಇನ್ನೊಂದು ಕಿವಿಗೇ ಹಿಡಿದಳು. ಭಾವನ ದನಿ ಒಣಗಿತ್ತು.

‘ತಂಗೀ, ಅವಳಿಗೆ ಹೇಳು. ನಾವು ಇಲ್ಲಿಂದ ಹೋಗ್ತಾ ಇದೀವಿ. ಆಚೆ ಮಗು ಇದೆ. ಕ್ರೇನು ಬಂದಮೇಲೆ ವಾಪಸು ಬರ್ತೀವಿ. ಇದ್ದದ್ದು ಇದ್ದ ಹಾಗೆ ಹೇಳು, ಮುಚ್ಚಿಡಬೇಡ. ಫೋನು ಅಲ್ಲೇ ಬಿಟ್ಟಿರ್ತೀನಿ.’

ಎದುರಿನ ಕನ್ನಡಿಯಲ್ಲಿ ಕಿರಿಯವಳಿಗೆ ತನ್ನ ಮುಖ ಕಂಡಿತು. ಎರಡು ಕಿವಿಗೂ ಒಂದೊಂದು ಫೋನು.

‘ಅಕ್ಕಾ’ ಅಂದಳು. ‘ದೊಡ್ಡ ಯಂತ್ರ ಬರ್ತಾ ಇದೆಯಂತೆ. ಅಲ್ಲೀವರೆಗೂ ಯಾರೂ ಸದ್ದು ಮಾಡಬಾರದಂತೆ, ಚಪ್ಪಡಿ ಅಲುಗುತ್ತಂತೆ. ಅದಕ್ಕೇ ಸುಮ್ಮನಾಗಿದ್ದಾರೆ.’

‘ಹೋದರಾ?’

‘ಎಲ್ಲಿಗೆ ಹೋಗ್ತಾರೆ? ನಿನ್ನ ತಲೆ ಮೇಲೇ ಕೂತಿದ್ದಾರೆ.’

‘ಎಷ್ಟು ಜನ?’

‘ಎಲ್ಲರೂ. ನಮ್ಮ ಭಾವನೂ.’

‘ಹಾಗಾದ್ರೆ ಸರಿ’ ಎಂದಳು ಹೆಂಗಸು. ಹಿರಿಯವಳಿಗೆ ಇದೊಂದೂ ಅರ್ಥವಾಗಲಿಲ್ಲ. ‘ಹೇಳಿದಳು’ ಎಂದು ಗಂಡನಿಗೆ ಹೇಳಿ ಫೋನಿಟ್ಟಳು.

ಆಮೇಲೆ ಇಬ್ಬರೇ ಉಳಿದರು. ಹೆಂಗಸು ಕೇಳಿದಳು, ‘ನೀನಿರೋ ಕಡೆ ಏನು ಕಾಣ್ತಿದೆ ಹೇಳು. ಇಲ್ಲಿ ಬರೀ ಕತ್ತಲೆ.’ ಕಿರಿಯವಳು ಹೇಳುತ್ತಾ ಹೋದಳು. ಕಂಬಳಿಗಳ ಗುಡ್ಡ, ಮುದುಕರ ಕೋಟು, ಅದಕ್ಕೆ ತಾನು ಹಚ್ಚಿದ ಗುಂಡಿಗಳು. ಚಮಕಿಯ ನಿಲುವಂಗಿಯ ಸುದ್ದಿ ಹೇಳಿದಾಗ ಹೆಂಗಸು ನಿಜವಾಗಿಯೂ ನಕ್ಕಳು. ‘ಯಾರಿಗೂ ಕೊಡಬೇಡ, ನನಗೇ ಎತ್ತಿಡು. ನಾನು ಕೆಲಸ ಮಾಡೋ ಅಂಚೆ ಆಫೀಸಿಗೆ ಹಾಕ್ಕೊಂಡು ಹೋಗ್ತೀನಿ. ನಮ್ಮ ಸಾಹೇಬರ ಎದೆ ಒಡೀಲಿ.’ ಆಮೇಲೆ ಗಂಡನನ್ನು ಬೈಯತೊಡಗಿದಳು. ಅವನ ಗೊರಕೆಗೆ ಗೋಡೆಯಾಚೆಯವರು ಎದ್ದು ಕೂರುತ್ತಾರೆ. ಬೂಟು ಬಿಚ್ಚದೆ ಹಾಸಿಗೆಯ ಮೇಲೆ ಬೀಳುತ್ತಾನೆ. ಹಾಡಲು ಬರದಿದ್ದರೂ ಹಾಡುತ್ತಾನೆ. ಹೆಂಡತಿ ಸಿಟ್ಟುಮಾಡಿಕೊಂಡಾಗಲೇ ಹೆಚ್ಚು ಹಾಡುತ್ತಾನೆ. ‘ಕತ್ತೆ’ ಅಂದಳು. ಹಿಂದೆಯೇ, ‘ಊಟ ಸರಿಯಾಗಿ ಮಾಡಲ್ಲ ದಾರೀಲಿ’ ಅಂದಳು.

ಚಳಿ ಎಂದಳು. ಕಂಬಳಿ ಬರುತ್ತಿದೆ ಎಂದಳು ಕಿರಿಯವಳು. ಮಾತುಗಳ ನಡುವಿನ ತೆರಪು ದೊಡ್ಡದಾಗುತ್ತಾ ಹೋಯಿತು. ಕೊನೆಗೆ ಉಸಿರೂ ಕೇಳದಾಯಿತು. ಆದರೂ ಕಿರಿಯವಳು ಮಾತು ನಿಲ್ಲಿಸಲಿಲ್ಲ; ಬಾಯಿಗೆ ಬಂದದ್ದನ್ನೆಲ್ಲ ಹೇಳಿದಳು. ತನ್ನ ಅವ್ವನ ವಿಷಯ ಹೇಳಿದಳು, ಚಿಕ್ಕಂದಿನ ಲೆಕ್ಕದ ಮಗ್ಗಿ ಹೇಳಿದಳು. ಆ ತುದಿಯಲ್ಲಿ ಫೋನಿನ ಜೀವವೂ ಮುಗಿದು ಗೀ ಅನ್ನತೊಡಗಿದಾಗ ಹಿರಿಯವಳು ಒಳಗೆ ಬಂದು ಅವಳ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಫೋನು ತೆಗೆದುಕೊಂಡಳು.

ಮರುದಿನ ಬೇಕರಿಯ ಟೀವಿಯಲ್ಲಿ ಭಾವ ಕಾಣಿಸಿಕೊಂಡ. ಮುಖವೆಲ್ಲ ಸುಣ್ಣದ ಧೂಳು, ತೋಳಲ್ಲಿ ಕಂಬಳಿ ಸುತ್ತಿದ ಮಗು. ಮಗು ಬದುಕಿತ್ತು. ಬೀದಿಗೆ ಬೀದಿಯೇ ಬೇಕರಿಯ ಮುಂದೆ ಸೇರಿ ಚಪ್ಪಾಳೆ ತಟ್ಟಿತು. ಯಾರೋ ಕಿರಿಯವಳನ್ನೂ ಕೈಹಿಡಿದು ಮುಂದಕ್ಕೆ ತಂದರು. ‘ನಿಮ್ಮ ಭಾವ ನೋಡಮ್ಮ, ನಿಮ್ಮೂರ ಮಗೂನ ಉಳಿಸಿದ್ದಾರೆ’ ಅಂದರು. ಅವಳು ನೋಡಿದಳು. ಮಗುವಿನ ಪುಟ್ಟ ಪಾದವೊಂದು ಕಂಬಳಿಯಿಂದ ಹೊರಗೆ ಅಲುಗಾಡುತ್ತಿತ್ತು. ಅದನ್ನು ನೋಡಿ ಸಂತೋಷಪಡದಿರುವುದು ಪಾಪ ಎಂದು ಅವಳಿಗೆ ಗೊತ್ತಿತ್ತು. ಅಲ್ಲಿಂದ ಹೊರಬಂದು, ಅಂಗಡಿಯ ಹಿಂದಿನ ನಲ್ಲಿಯ ಬಳಿ ಕುಳಿತು, ಆ ತನಕ ಬರದಿದ್ದ ಅಳುವನ್ನೆಲ್ಲ ಅತ್ತಳು. ಸಂಜೆ ಬಂದ ಗಂಡ ಪಕ್ಕದಲ್ಲಿ ಕುಳಿತ.

ಕ್ರೇನು ಬಂದು ಚಪ್ಪಡಿ ಎತ್ತಿದಾಗ ಹೆಂಗಸು ಹೋಗಿಬಿಟ್ಟಿದ್ದಳು. ಇದನ್ನು ಭಾವ ಊರಿಗೆ ಮರಳಿದ ಮೇಲೆ ಹೇಳಿದ. ಬೀದಿಯವರ ಕೈಕುಲುಕಾಟವೆಲ್ಲ ಮುಗಿದ ಮೇಲೆ, ಗಿರಾಕಿಗಳು ಕೂರುವ ಕುರ್ಚಿಯಲ್ಲಿ ಕುಳಿತು, ಬಹಳ ಹೊತ್ತು ಅಳತೆಯ ಟೇಪನ್ನು ಬೆರಳಿಗೆ ಸುತ್ತುತ್ತಾ ಬಿಚ್ಚುತ್ತಾ ಇದ್ದ.

‘ನಾವು ಹೋಗ್ತೀವಿ ಅಂದಾಗ ಅವಳೇನಂದಳು?’ ಎಂದು ಕೇಳಿದ. ‘ಒಳಗೆ ಮಲಗಿ ನಾವು ಹೆಜ್ಜೆ ಹಾಕೋದನ್ನ ಕೇಳಿಸ್ಕೊಂಡಿರ್ತಾಳೆ. ನನಗೆ ಅದೇ ಕಣಮ್ಮ. ಕಣ್ಣು ಮುಚ್ಚಿದ್ರೆ ಅದೇ.’

‘ನಾನು ಹಾಗೆ ಹೇಳಲಿಲ್ಲ ಭಾವ’ ಎಂದಳು ಕಿರಿಯವಳು. ‘ನೀವೆಲ್ಲ ಅಲ್ಲೇ ಕೂತಿದ್ದೀರಿ ಅಂತ ಹೇಳಿದೆ. ಹಾಗಾದ್ರೆ ಸರಿ ಅಂದಳು.’

ಭಾವ ಟೇಪನ್ನು ಕೆಳಗಿಟ್ಟ. ‘ಇದ್ದದ್ದು ಇದ್ದ ಹಾಗೆ ಹೇಳು ಅಂದಿದ್ದೆ’ ಎಂದ. ಎದ್ದು ಹಿತ್ತಲಿಗೆ ಹೋದ. ನಲ್ಲಿ ತಿರುಗಿಸಿದ ಸದ್ದು ಕೇಳಿತು. ನೀರು ಹರಿಯುತ್ತಲೇ ಇತ್ತು. ವಾಪಸು ಬಂದಾಗ ಮುಖ ತೊಳೆದಿದ್ದ, ಕಣ್ಣು ಕೆಂಪಾಗಿತ್ತು. ‘ಅವಳ ಗಂಡ ಬಂದಿದ್ದ. ನಿನ್ನ ನಂಬರು ಕೊಟ್ಟಿದೀನಿ’ ಅಂದ. ಮತ್ತೆಂದೂ ಆ ಮಾತೆತ್ತಲಿಲ್ಲ.

ಲಾರಿ ಡ್ರೈವರು ಕರೆಮಾಡಿದ್ದು ಕೆಲವು ದಿನಗಳ ನಂತರ, ಅಂಗಡಿಯ ಹೊತ್ತಿನಲ್ಲೇ. ಹೊಗೆ ಸೇದಿ ಒಡೆದ ದನಿ. ತಾನು ಯಾರೆಂದು ಹೇಳಿದ.

‘ನನ್ನ ವಿಷಯ ಏನಾದ್ರೂ ಅಂದಳಾ?’ ಎಂದು ಕೇಳಿದ.

‘ಬೈದಳು’ ಅಂದಳು ಕಿರಿಯವಳು.

‘ಬೈದಳಾ?’

‘ಗೊರಕೆ ಹೊಡೀತೀರಂತೆ. ಬೂಟು ಹಾಕ್ಕೊಂಡೇ ಮಲಗ್ತೀರಂತೆ. ಹಾಡೋಕೆ ಬರಲ್ಲವಂತೆ. ಕತ್ತೆ ಅಂದಳು.’

ಆ ಕಡೆಯಿಂದ ನಗು ಕೇಳಿತು. ನಗು ನಗುತ್ತಲೇ ಅದು ಬೇರೆಯಾಯಿತು. ಗಂಡಸೊಬ್ಬ ಹಾಗೆ ಅಳುವುದನ್ನು ಅವಳು ಕೇಳಿರಲಿಲ್ಲ. ಕಾಯ್ದಳು. ‘ಅವಳೇ’ ಅಂದ ಅವನು, ‘ಅವಳೇ ಅದು. ಇಲ್ಲಿ ಎಲ್ಲರೂ, ಶಾಂತವಾಗಿ ಹೋಗಿರ್ತಾಳೆ, ದೇವತೆ ಥರ ಹೋಗಿರ್ತಾಳೆ ಅಂತಾರೆ. ನನಗೆ ಯಾರ ಹೆಂಡತೀನೋ ಅನ್ನಿಸ್ತಿತ್ತು. ಇನ್ನೇನಂದಳು?’

‘ದಾರೀಲಿ ಊಟ ಸರಿಯಾಗಿ ಮಾಡಲ್ಲ ಅಂದಳು.’

ಆಮೇಲೆ ಅವನು ಬೇರೆಯೇ ದನಿಯಲ್ಲಿ ಕೇಳಿದ. ‘ಬಾಗಿಲ ಹತ್ತಿರ ಸಿಕ್ಕಳು ಅಂದರು. ಆ ಬಾಗಿಲು ಊದಿಕೊಂಡಿತ್ತು. ಸರಿಮಾಡಿಸ್ತೀನಿ ಅಂತ ಹೇಳಿದ್ದೆ. ತೆಗೆಯೋಕಾಗಲಿಲ್ಲ ಅಂತೇನಾದ್ರೂ ಅಂದಳಾ? ನಿಜ ಹೇಳಮ್ಮ.’

ಹಿರಿಯವಳ ಕತ್ತರಿ ನಿಂತಿತು. ಭಾಷೆ ತಿಳಿಯದಿದ್ದರೂ ಓರಗಿತ್ತಿಯ ಮುಖ ತಿಳಿಯುತ್ತಿತ್ತು ಅವಳಿಗೆ.

‘ಇಲ್ಲಣ್ಣ’ ಎಂದಳು ಕಿರಿಯವಳು. ‘ಬಾಗಿಲ ತನಕ ಬಂದಿದ್ದಳಂತೆ. ಚಪ್ಪಲಿ ಹಾಕ್ಕೊಳ್ಳೋಕೆ ಬಗ್ಗಿದಾಗ ಬಿತ್ತಂತೆ. ಬಾಗಿಲಿಗೆ ಕೈ ಹಾಕೋಕೂ ಟೈಮಿರಲಿಲ್ಲ ಅಂದಳು.’

ಅವನು ಉಸಿರೆಳೆದುಕೊಂಡದ್ದು ಕೇಳಿಸಿತು. ‘ಚಪ್ಪಲಿ’ ಎಂದ ಮೆಲ್ಲಗೆ. ‘ಹೌದು. ಚಪ್ಪಲಿ ಇಲ್ಲದೆ ಹೊಸ್ತಿಲು ದಾಟೋಳಲ್ಲ ಅವಳು. ಮನೆಗೆ ಬೆಂಕಿ ಬಿದ್ದರೂ ಚಪ್ಪಲಿ ಹುಡುಕ್ತಾಳೆ ಅಂತ ನಾನೇ ರೇಗಿಸ್ತಿದ್ದೆ.’

ಇದು ಕಿರಿಯವಳಿಗೆ ಗೊತ್ತಿರಲಿಲ್ಲ. ಬಾಯಿಗೆ ಬಂದದ್ದನ್ನು ಹೇಳಿದ್ದಳು, ಅಷ್ಟೇ. ಫೋನಿಟ್ಟ ಮೇಲೆ ಹಿರಿಯವಳಿಗೆ ಎಲ್ಲವನ್ನೂ ಹೇಳಿದಳು: ಬಾಗಿಲು, ಕಾಲು ಕೊಟ್ಟು ಎಳೆದದ್ದು, ನಾಳೆ ನಾಡಿದ್ದು ಅಂದದ್ದು. ಇಬ್ಬರಿಗೆ ಸುಳ್ಳು ಹೇಳಿದೆ ಅಕ್ಕ, ಸತ್ತವಳಿಗೊಂದು, ಉಳಿದವನಿಗೊಂದು ಅಂದಳು.

ಹಿರಿಯವಳು ಬೈಯಲೂ ಇಲ್ಲ, ಸಮಾಧಾನ ಹೇಳಲೂ ಇಲ್ಲ. ‘ಹೇಳಿದ್ದಾಯ್ತು. ಇನ್ನು ಅದು ನಿನ್ನ ಹೊಟ್ಟೇಲೇ ಇರಬೇಕು, ನಂದರಲ್ಲಿ ಒಂದಿಷ್ಟು’ ಎಂದಳು. ‘ಅವನು ಇನ್ನೊಂದು ಸಲ ಕೇಳ್ತಾನೆ. ಆಗ ಮಾತು ಬದಲಾಯಿಸಬೇಡ.’

ಅವನು ಕೇಳಿದ. ವಾರಕ್ಕೊಮ್ಮೆ ಕರೆಮಾಡುತ್ತಿದ್ದ. ಮೊದಮೊದಲು ಅದೇ ಮಾತು. ಗೊರಕೆ, ಬೂಟು, ಕತ್ತೆ, ಚಪ್ಪಲಿ. ಅವಳು ಅಕ್ಷರ ಅಕ್ಷರವೂ ಹಾಗೆಯೇ ಹೇಳುತ್ತಿದ್ದಳು. ಆಮೇಲೆ ಬೇರೆ ಮಾತು ಬಂತು. ಡೇರೆಯಲ್ಲಿ ನೀರು ಸೋರುತ್ತದೆ. ದೇಶದೇಶದಿಂದ ಬಟ್ಟೆ ಬಂದಿದೆ, ಒಂದು ಕೋಟು ಸಿಕ್ಕಿದೆ, ತೋಳು ಉದ್ದ. ಮತ್ತೆ ಲಾರಿ ಓಡಿಸುತ್ತಿದ್ದೇನೆ, ಇಟ್ಟಿಗೆ ಸಾಗಿಸುವುದು. ಅವಳೂ ಅಂಗಡಿಯ ಸುದ್ದಿ ಹೇಳುತ್ತಿದ್ದಳು. ಮರೆತ ಪದಗಳು ಒಂದೊಂದಾಗಿ ಮರಳಿದವು. ಕೆಲವೊಮ್ಮೆ ಅವನಂತೆಯೇ ಪದಗಳ ಬಾಲ ನುಂಗಿ ಮಾತಾಡುತ್ತಿದ್ದಳು. ಕರೆ ಬರುವ ದಿನ ಅವಳು ಬೆಳಗಿನಿಂದಲೂ ಫೋನನ್ನು ಹೊಲಿಗೆ ಯಂತ್ರದ ಪಕ್ಕದಲ್ಲೇ ಇಟ್ಟುಕೊಳ್ಳುವುದನ್ನು ಹಿರಿಯವಳು ನೋಡಿಯೂ ನೋಡದಂತೆ ಇದ್ದಳು.

ವಾರ ಹದಿನೈದು ದಿನವಾಯಿತು, ಹದಿನೈದು ದಿನ ತಿಂಗಳಾಯಿತು. ಬೀದಿಯವರು ಭೂಕಂಪವನ್ನು ಮರೆತರು. ಬೇಕರಿಯ ಟೀವಿಯಲ್ಲಿ ಬೇರೆ ದೇಶದ ಪ್ರವಾಹ ಬಂತು, ಆಮೇಲೆ ಚುನಾವಣೆ ಬಂತು. ಒಂದು ತಿಂಗಳು ಅವನ ಕರೆ ಬರಲಿಲ್ಲ. ಮರುತಿಂಗಳೂ ಬರಲಿಲ್ಲ.

‘ಒಳ್ಳೇದೇ ಅಲ್ವಾ’ ಅಂದಳು ಹಿರಿಯವಳು. ‘ಮನುಷ್ಯ ಚೇತರಿಸ್ಕೊಂಡಿದ್ದಾನೆ ಅಂತ ಅರ್ಥ.’

‘ಒಳ್ಳೇದೇ’ ಅಂದಳು ಕಿರಿಯವಳು.

ಆ ಮಧ್ಯಾಹ್ನ ಹಿರಿಯವಳು ಊಟಕ್ಕೆ ಮೇಲೆ ಹೋಗಿದ್ದಾಗ ಅವಳೇ ಮೊದಲ ಸಲ ಆ ನಂಬರಿಗೆ ಕರೆಮಾಡಿದಳು. ಗಂಟೆ ಬಾರಿಸಲಿಲ್ಲ. ಯಾವುದೋ ಹೆಣ್ಣಿನ ದನಿ, ಮೊದಲೇ ಧ್ವನಿಮುದ್ರಿಸಿಟ್ಟದ್ದು, ಅವಳ ಭಾಷೆಯಲ್ಲಿ, ಈ ಸಂಖ್ಯೆ ಈಗ ಬಳಕೆಯಲ್ಲಿಲ್ಲ, ದಯವಿಟ್ಟು ಪರಿಶೀಲಿಸಿ ಎಂದು ಹೇಳಿತು. ಪ್ರತಿ ಪದವನ್ನೂ ಸ್ಪಷ್ಟವಾಗಿ, ಬಿಡಿಬಿಡಿಯಾಗಿ ಹೇಳಿತು. ಕಿರಿಯವಳು ಕೊನೆಯ ತನಕ ಕೇಳಿಸಿಕೊಂಡಳು. ಆಮೇಲೆ ಇನ್ನೊಮ್ಮೆ ಒತ್ತಿ, ಮತ್ತೆ ಕೇಳಿಸಿಕೊಂಡಳು.